ಮರ್ಸಿಯ ಹೃದಯವನ್ನು ಯಾಕೆ ಸುಟ್ಟರು?

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಅಮೆರಿಕದಲ್ಲಿ 1892ರಲ್ಲಿ ಮರ್ಸಿ ಬ್ರೌನ್ ಎಂಬ ಹುಡುಗಿಯ ಹೆಣ ಹೊರತೆಗೆದು, ಅವಳು ರಕ್ತಪಿಶಾಚಿ ಆಗಿದ್ದಾಳೆ ಎಂದು ಹೃದಯ ಸುಟ್ಟರಂತೆ. ಇದು ನಿಜವಾ? ಎರಡು ತಿಂಗಳಾದ ಹೆಣದಲ್ಲಿ ರಕ್ತ ಹೇಗೆ ಉಳಿಯುತ್ತದೆ? ಅಂಥ ದೇಶದಲ್ಲಿ, ಅದೂ ಅಷ್ಟು ಇತ್ತೀಚೆಗೆ, ಹೀಗೆ ಹೇಗಾಯಿತು? ಕೇಳೋಕೆ ಇನ್ನೊಂದು ಕಾರಣವೂ ಇದೆ. ನಮ್ಮ ಅಜ್ಜಿಯ ಇಬ್ಬರು ಅಕ್ಕಂದಿರು ಒಂದೂವರೆ ವರ್ಷದೊಳಗೆ ಕ್ಷಯದಿಂದ ತೀರಿಕೊಂಡರಂತೆ. 'ದೊಡ್ಡವಳು ಹೋದವಳು ಸುಮ್ನೆ ಹೋಗಲಿಲ್ಲ, ಚಿಕ್ಕವಳನ್ನೂ ಕರೆಸಿಕೊಂಡಳು' ಅಂತ ಅಜ್ಜಿ ಈಗಲೂ ಹೇಳುತ್ತಾರೆ.

ಉತ್ತರ: ನಿಮ್ಮ ಅಜ್ಜಿಯ ಮಾತಿನಿಂದಲೇ ಶುರು ಮಾಡುತ್ತೇನೆ. 'ಕರೆಸಿಕೊಂಡಳು' ಅನ್ನುವ ಆ ಒಂದು ಪದದಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ. ನಾನು ಎದೆರೋಗದ ವಿಭಾಗದಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕ್ಷಯ ಹೊಕ್ಕ ಮನೆಗಳಲ್ಲಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಮರ್ಸಿ ಬ್ರೌನ್ ಊರಿನವರು ನಂಬಿದ್ದೂ ಹೆಚ್ಚುಕಡಿಮೆ ಇದನ್ನೇ.

ಘಟನೆ ನಿಜ. ನಡೆದದ್ದು ರೋಡ್ ಐಲೆಂಡ್ ರಾಜ್ಯದ ಎಕ್ಸೆಟರ್ ಎಂಬ ಹಳ್ಳಿಯಲ್ಲಿ. ಕಲ್ಲು ತುಂಬಿದ ಹೊಲಗಳ ಬಡ ಊರು ಅದು. 1820ರಲ್ಲಿ ಅಲ್ಲಿ ಎರಡೂವರೆ ಸಾವಿರಕ್ಕಿಂತ ಜಾಸ್ತಿ ಜನ ಇದ್ದರು. 1892ರ ಹೊತ್ತಿಗೆ ಉಳಿದವರು 961. ಅವರಲ್ಲಿ ಜಾರ್ಜ್ ಬ್ರೌನ್ ಎಂಬ ರೈತ ಒಬ್ಬ. ಅವನ ಹೆಂಡತಿ ಮೇರಿ ಎಲೈಜಾ 1883ರ ಡಿಸೆಂಬರಿನಲ್ಲಿ ಕ್ಷಯದಿಂದ ತೀರಿಕೊಂಡಳು. ಮರುವರ್ಷ 20 ವರ್ಷದ ಮಗಳು ಮೇರಿ ಆಲಿವ್ ಹೋದಳು. ಆಮೇಲೆ ಕೆಲವು ವರ್ಷ ಮನೆ ತಣ್ಣಗಿತ್ತು. ಎಲ್ಲ ಮುಗಿಯಿತು ಅಂದುಕೊಳ್ಳುವ ಹೊತ್ತಿಗೆ ಮಗ ಎಡ್ವಿನ್‌ಗೆ ಕೆಮ್ಮು ಶುರುವಾಯಿತು. ಗಟ್ಟಿಮುಟ್ಟಾದ ಹುಡುಗ. ಕಣ್ಣೆದುರೇ ಸೊರಗಿಹೋದ. ಒಳ್ಳೆಯ ಗಾಳಿ ಸಿಗಲಿ ಎಂದು ಅವನನ್ನು ದೂರದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಕಳಿಸಿದರು. ಆಗಿನ ವೈದ್ಯರು ಹೇಳಬಹುದಾಗಿದ್ದ ಚಿಕಿತ್ಸೆ ಅಂದರೆ ಬೆಟ್ಟದ ಗಾಳಿ, ಹಾಲು, ವಿಶ್ರಾಂತಿ, ಇಷ್ಟೇ. ಅಷ್ಟರಲ್ಲಿ ತಂಗಿ ಮರ್ಸಿ ಮಲಗಿದಳು. ಅವಳಿಗೆ ಬಂದದ್ದು ವೇಗವಾಗಿ ಓಡುವ ಬಗೆಯ ಕ್ಷಯ. 1892ರ ಜನವರಿ 17ರಂದು ಸತ್ತಳು. ಅವಳಿಗೆ 19 ವರ್ಷ. ಎಡ್ವಿನ್ ಊರಿಗೆ ವಾಪಸ್ ಬಂದ. ಅವನ ಸ್ಥಿತಿ ಇನ್ನೂ ಕೆಟ್ಟಿತ್ತು.

ಆಗ ಅಕ್ಕಪಕ್ಕದವರು ಜಾರ್ಜ್ ಹತ್ತಿರ ಬಂದರು. ಸತ್ತ ಮೂವರಲ್ಲಿ ಯಾರದ್ದೋ ಹೃದಯದಲ್ಲಿ ಇನ್ನೂ ಹಸಿ ರಕ್ತ ಇರಬೇಕು, ಆ ಹೃದಯ ಎಡ್ವಿನ್‌ನ ಜೀವ ಹೀರಿಕೊಂಡು ಉಳಿದಿದೆ, ತೆಗೆದು ನೋಡೋಣ ಎಂದರು. ಜಾರ್ಜ್‌ಗೆ ಇದರಲ್ಲಿ ನಂಬಿಕೆ ಇರಲಿಲ್ಲ ಎಂದು ಅಂದಿನ ಪತ್ರಿಕೆಯೇ ಬರೆದಿದೆ. ಆದರೂ ಕೊನೆಗೆ ಒಪ್ಪಿದ. ನಾನು ಅವನನ್ನು ದೂರಲಾರೆ. ಹೆಂಡತಿ ಹೋಗಿದ್ದಾಳೆ, ಇಬ್ಬರು ಹೆಣ್ಣುಮಕ್ಕಳು ಹೋಗಿದ್ದಾರೆ, ಮಗ ಹಾಸಿಗೆಯಲ್ಲಿ ರಕ್ತ ಕೆಮ್ಮುತ್ತಿದ್ದಾನೆ. ಊರಿಗೆ ಊರೇ ಬಂದು 'ಇದೊಂದು ಮಾಡಿ ನೋಡು' ಎಂದಾಗ ಬೇಡ ಅನ್ನುವುದು ಹೇಗೆ? ನಾಳೆ ಮಗ ಸತ್ತರೆ ಆ 'ಬೇಡ' ಅವನ ತಲೆಯ ಮೇಲೇ ಉಳಿಯುತ್ತಿತ್ತು.

ಮಾರ್ಚ್ 17ರಂದು ಸ್ಮಶಾನದಲ್ಲಿ ಅಗೆದರು. ಪಕ್ಕದ ವಿಕ್‌ಫರ್ಡ್ ಊರಿನ ವೈದ್ಯ ಹೆರಾಲ್ಡ್ ಮೆಟ್ಕಾಫ್ ಅಲ್ಲಿದ್ದರು. ತಾಯಿ, ದೊಡ್ಡ ಮಗಳು ಇಬ್ಬರದ್ದೂ ಹೆಚ್ಚುಕಡಿಮೆ ಮೂಳೆಗಳಷ್ಟೇ ಉಳಿದಿದ್ದವು. ಮರ್ಸಿಯ ದೇಹ ಮಾತ್ರ ಚೆನ್ನಾಗಿತ್ತು. ಹೃದಯ ಕೊಯ್ದರೆ ರಕ್ತ ಇತ್ತು. ಇದು ಸಹಜ, ಇದರಲ್ಲಿ ವಿಶೇಷ ಏನಿಲ್ಲ ಎಂದು ವೈದ್ಯರು ಹೇಳಿದರು. ಅವಳ ಶ್ವಾಸಕೋಶದಲ್ಲಿ ಕ್ಷಯದ ಗುರುತುಗಳು ಇವೆ ಎಂದೂ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೃದಯ, ಪಿತ್ತಜನಕಾಂಗ ಎರಡನ್ನೂ ಹತ್ತಿರದ ಬಂಡೆಯ ಮೇಲೆ ಸುಟ್ಟರು. ಬೂದಿಯನ್ನು ನೀರಿನಲ್ಲಿ ಕಲಸಿ ಎಡ್ವಿನ್‌ಗೆ ಕುಡಿಸಿದರು ಎನ್ನುತ್ತಾರೆ. ಮೇ 2ರಂದು ಅವನೂ ಸತ್ತ.

ಈ ಕತೆಯಲ್ಲಿ ನನ್ನನ್ನು ಕಾಡುವುದು ಒಂದು ಚಿಕ್ಕ ವಿಷಯ. ಎದೆಗೂಡು ತೆರೆದಿದೆ. ಹೃದಯದ ಎರಡೂ ಪಕ್ಕಕ್ಕೆ ಶ್ವಾಸಕೋಶ ಅಂಟಿಕೊಂಡೇ ಇರುತ್ತದೆ. ಆ ಮನೆಯ ಮೂವರನ್ನು ಕೊಂದು ನಾಲ್ಕನೆಯವನನ್ನು ಕೊಲ್ಲುತ್ತಿದ್ದ ರೋಗ ಆ ಶ್ವಾಸಕೋಶದಲ್ಲೇ ಕೂತಿತ್ತು. ಅಲ್ಲಿ ನಿಂತವರ ಕಣ್ಣಿಗೂ ಅದಕ್ಕೂ ನಡುವೆ ಒಂದು ಗೇಣೂ ಅಂತರ ಇರಲಿಲ್ಲ. ಅವರೆಲ್ಲ ನೋಡುತ್ತಿದ್ದದ್ದು ಹೃದಯವನ್ನು.

ಇನ್ನು ರಕ್ತದ ವಿಷಯ. ಮರ್ಸಿ ಸತ್ತದ್ದು ಗಟ್ಟಿ ಚಳಿಗಾಲದಲ್ಲಿ. ಅಲ್ಲಿ ಜನವರಿಯಲ್ಲಿ ನೆಲ ಹೆಪ್ಪುಗಟ್ಟಿರುತ್ತದೆ, ಗುದ್ದಲಿ ಇಳಿಯುವುದಿಲ್ಲ. ಹಾಗಾಗಿ ಅವಳ ಪೆಟ್ಟಿಗೆಯನ್ನು ಮಣ್ಣಿಗೆ ಇಳಿಸದೆ ಸ್ಮಶಾನದ ಕಲ್ಲಿನ ಕೋಣೆಯಲ್ಲಿ ಇಟ್ಟಿದ್ದರು. ಅಂದರೆ ಎರಡು ತಿಂಗಳು ಫ್ರಿಜ್ಜಿನಲ್ಲಿ ಇಟ್ಟ ಹಾಗೆ. ತಾಯಿ, ಅಕ್ಕ ಏಳೆಂಟು ವರ್ಷ ಮಣ್ಣಲ್ಲಿದ್ದವರು. ಅವರ ಜೊತೆ ಮರ್ಸಿಯನ್ನು ಹೋಲಿಸಿದ್ದೇ ತಪ್ಪು. ರಕ್ತವೂ ಅಷ್ಟೇ. ಸತ್ತ ಮೇಲೆ ಹೆಪ್ಪುಗಟ್ಟಿದ ರಕ್ತ ಕೆಲವು ಸಲ ಮತ್ತೆ ನೀರಾಗುತ್ತದೆ. ಶವಪರೀಕ್ಷೆ ಮಾಡುವವರಿಗೆ ಇದು ದಿನನಿತ್ಯದ ನೋಟ.

ಚಳಿ ಇಲ್ಲದ ಕಡೆ ಹೆಣ ಇನ್ನೊಂದು ರೀತಿಯಲ್ಲಿ ಜನರನ್ನು ಹೆದರಿಸುತ್ತದೆ. ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಅನಿಲ ಮಾಡುತ್ತವೆ. ಹೊಟ್ಟೆ ಉಬ್ಬುತ್ತದೆ, ಮುಖ ತುಂಬಿಕೊಳ್ಳುತ್ತದೆ. ಆ ಒತ್ತಡಕ್ಕೆ ಬಾಯಿ, ಮೂಗಿನಿಂದ ಕೆಂಪುಗಪ್ಪು ದ್ರವ ಒಸರುತ್ತದೆ. ಮೇಲಿನ ಚರ್ಮ ಸುಲಿದು ಕೆಳಗಿನ ಪದರ ಹೊಸ ಚರ್ಮದಂತೆ ಕಾಣುತ್ತದೆ. ಉಗುರಿನ ಸುತ್ತ ಚರ್ಮ ಒಣಗಿ ಹಿಂದೆ ಸರಿಯುವುದರಿಂದ ಉಗುರು ಬೆಳೆದ ಹಾಗೆ ಅನಿಸುತ್ತದೆ. ಎದೆಗೆ ಗೂಟ ಹೊಡೆದರೆ ಒಳಗಿನ ಗಾಳಿ ಗಂಟಲಿನಿಂದ ನುಗ್ಗಿ ನರಳಿದ ಸದ್ದು ಬರುತ್ತದೆ. ರಾತ್ರಿ ಎದ್ದು ಬಂದು ಯಾರದ್ದೋ ರಕ್ತ ಕುಡಿದು ಮಲಗಿದವನು ಹೀಗೇ ಕಾಣಬೇಕು ಎಂದು ಮೊದಲೇ ನಂಬಿದವರಿಗೆ ಇನ್ನೇನು ಸಾಕ್ಷಿ ಬೇಕು?

ಈ ಸಾಕ್ಷಿಗಳನ್ನು ಸರ್ಕಾರಿ ವೈದ್ಯರೇ ಬರೆದಿಟ್ಟ ದಾಖಲೆ ಸರ್ಬಿಯಾದಿಂದ ಸಿಗುತ್ತದೆ. ಆಗ ಆ ಭಾಗ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ದೊರೆಗಳ ಕೈಲಿತ್ತು. 1725ರಲ್ಲಿ ಕಿಸಿಲೆವೊ ಹಳ್ಳಿಯಲ್ಲಿ ಪೀಟರ್ ಬ್ಲಾಗೊಯೆವಿಚ್ ಎಂಬ ರೈತ ಸತ್ತ. ಅವನ ಹಿಂದೆ ಎಂಟು ದಿನದಲ್ಲಿ ಒಂಬತ್ತು ಜನ ಸತ್ತರು. ಹೆಣ ತೆಗೆದು ಗೂಟ ಹೊಡೆದು ಸುಟ್ಟರು. ಇದು ವಿಯೆನ್ನಾದ ಪತ್ರಿಕೆಯಲ್ಲೂ ಅಚ್ಚಾಯಿತು. 1731ರ ಕೊನೆಗೆ ಮೆದ್ವೆಜಾ ಎಂಬ ಹಳ್ಳಿಯಲ್ಲಿ ಸಾವು ಜಾಸ್ತಿಯಾದಾಗ ಅಧಿಕಾರಿಗಳು ಮೊದಲು ಕಳಿಸಿದ್ದು ಗ್ಲಾಸರ್ ಎಂಬ ಸಾಂಕ್ರಾಮಿಕ ರೋಗದ ವೈದ್ಯನನ್ನು. ಅವನಿಗೆ ಪ್ಲೇಗ್ ಕಾಣಲಿಲ್ಲ. ಕಠಿಣ ಉಪವಾಸದಿಂದ ಜನ ಸೊರಗಿದ್ದಾರೆ ಎಂದು ಬರೆದ. ಹಳ್ಳಿಯವರು ಸುತರಾಂ ಒಪ್ಪಲಿಲ್ಲ. ಹೆಣಗಳಿಗೆ ಶಿಕ್ಷೆ ಆಗದಿದ್ದರೆ ಊರು ಬಿಟ್ಟು ಹೋಗುತ್ತೇವೆ ಎಂದರು. 1732ರ ಜನವರಿಯಲ್ಲಿ ಫ್ಲೂಕಿಂಗರ್ ಎಂಬ ಸೈನ್ಯದ ವೈದ್ಯ ಬಂದು ಒಂದೊಂದೇ ಸಮಾಧಿ ತೆಗೆಸಿ ವರದಿ ಬರೆದ. ಅದರಲ್ಲಿ ಮಿಲಿಜಾ ಎಂಬ ಹೆಂಗಸಿನ ವಿಷಯ ಬರುತ್ತದೆ. ಬದುಕಿದ್ದಷ್ಟು ದಿನ ಒಣಕಲು ಮೈಯವಳು, ಸಮಾಧಿಯಲ್ಲಿ ಇಷ್ಟು ದಪ್ಪ ಆಗಿದ್ದಾಳಲ್ಲ ಎಂದು ಅವಳನ್ನು ಬಲ್ಲವರೆಲ್ಲ ಬೆರಗಾದರಂತೆ. ಅನಿಲ ತುಂಬಿ ಉಬ್ಬಿದ ಹೆಣ ಅದು. ಆದರೆ ಜೀವಮಾನವಿಡೀ ಅರೆಹೊಟ್ಟೆಯಲ್ಲಿದ್ದ ಒಬ್ಬ ಮುದುಕಿ ಸತ್ತ ಮೇಲೆ ಮೈತುಂಬಿಕೊಂಡದ್ದನ್ನು ಕಂಡು ಊರು ಹೆದರಿತು. ಆ ಸಾಲನ್ನು ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಈ ವರದಿ ಯುರೋಪಿನ ತುಂಬ ಓಡಾಡಿತು. ವ್ಯಾಂಪೈರ್ ಅನ್ನುವ ಪದ ಇಂಗ್ಲಿಷರ ಬಾಯಿಗೆ ಬಂದದ್ದೂ ಆ ವರ್ಷದ ಪತ್ರಿಕೆಗಳಿಂದಲೇ. ಮುಂದೆ 1755ರಲ್ಲಿ ಮಹಾರಾಣಿ ಮರಿಯಾ ತೆರೇಸಾ ತನ್ನ ಆಸ್ಥಾನ ವೈದ್ಯ ವಾನ್ ಸ್ವೀಟೆನ್ ಸಲಹೆ ಕೇಳಿ ಹೆಣ ತೆಗೆಯುವುದನ್ನೇ ನಿಷೇಧಿಸಿದಳು.

ಈ ಕಡೆ ಅಮೆರಿಕದ ಆ ಹಳ್ಳಿಗಳಲ್ಲಿ ವ್ಯಾಂಪೈರ್ ಎಂಬ ಪದವನ್ನು ಜನ ಬಳಸುತ್ತಲೇ ಇರಲಿಲ್ಲ ಅನ್ನುವುದು ನಿಮಗೆ ಗೊತ್ತಿರಲಿ. ಆ ಹೆಸರು ಕೊಟ್ಟದ್ದು ಪತ್ರಿಕೆಗಳು. ಮರ್ಸಿ ರಾತ್ರಿ ಎದ್ದು ಓಡಾಡುತ್ತಾಳೆ, ಯಾರದ್ದೋ ಕತ್ತು ಕಚ್ಚುತ್ತಾಳೆ ಎಂದು ಅವಳ ನೆರೆಯವರು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಇದೊಂದು ಔಷಧ. ಹೃದಯ ಸುಡು, ಬೂದಿ ಕುಡಿಸು, ರೋಗಿ ಆ ಹೊಗೆ ಉಸಿರಾಡಲಿ. ಮನೆಮದ್ದು ಅನ್ನುತ್ತೇವಲ್ಲ, ಹಾಗೆ. 1793ರಲ್ಲಿ ವರ್ಮಾಂಟ್‌ನ ಮ್ಯಾಂಚೆಸ್ಟರ್ ಊರಿನಲ್ಲಿ ಕ್ಯಾಪ್ಟನ್ ಐಸಾಕ್ ಬರ್ಟನ್ ತನ್ನ ಎರಡನೇ ಹೆಂಡತಿ ಹುಲ್ಡಾಳನ್ನು ಉಳಿಸಿಕೊಳ್ಳಲು, ಮೂರು ವರ್ಷ ಹಿಂದೆ ಸತ್ತ ಮೊದಲ ಹೆಂಡತಿ ರೇಚಲ್‌ಳ ಅಂಗಗಳನ್ನು ತೆಗೆಸಿದ. ಕಮ್ಮಾರನ ಕುಲುಮೆಯಲ್ಲಿ ಸುಟ್ಟರು. ನೋಡಲು ಐನೂರರಿಂದ ಸಾವಿರ ಜನ ಸೇರಿದ್ದರು ಎಂದು ದಾಖಲೆ ಇದೆ. ಹುಲ್ಡಾ ಅದೇ ವರ್ಷ ತೀರಿಕೊಂಡಳು. ಜಾನಪದ ತಜ್ಞ ಮೈಕೆಲ್ ಬೆಲ್ ದಶಕಗಳ ಕಾಲ ಹುಡುಕಿ ಇಂಥ ಸುಮಾರು 80 ಪ್ರಸಂಗಗಳನ್ನು ಗುರುತಿಸಿದ್ದಾರೆ.

ಒಂದು ಪ್ರಸಂಗದ ಕುರುಹು ಮಾತ್ರ ನೇರ ಮೂಳೆಯಲ್ಲೇ ಸಿಕ್ಕಿತು. 1990ರಲ್ಲಿ ಕನೆಕ್ಟಿಕಟ್ ರಾಜ್ಯದ ಗ್ರಿಸ್ವೊಲ್ಡ್‌ನಲ್ಲಿ ಜಲ್ಲಿಗುಂಡಿಯ ಹತ್ತಿರ ಹುಡುಗರು ಆಡುತ್ತಿದ್ದಾಗ ತಲೆಬುರುಡೆಗಳು ಕಂಡವು. ಪುರಾತತ್ವ ತಜ್ಞ ನಿಕ್ ಬೆಲಾಂಟೋನಿ ಅಗೆಸಿದರು. ಹಳೆಯ ಕುಟುಂಬವೊಂದರ ಸ್ಮಶಾನ ಅದು. ಒಂದು ಪೆಟ್ಟಿಗೆಯ ಮುಚ್ಚಳದ ಮೇಲೆ ಹಿತ್ತಾಳೆ ಮೊಳೆ ಹೊಡೆದು 'ಜೆಬಿ 55' ಎಂದು ಬರೆದಿತ್ತು. ಹೆಸರಿನ ಮೊದಲ ಅಕ್ಷರಗಳು, ವಯಸ್ಸು. ಒಳಗಿನ ಅಸ್ಥಿಪಂಜರದ ತಲೆ ಕತ್ತಿನ ಮೇಲೆ ಇರಲಿಲ್ಲ. ಬುರುಡೆಯನ್ನು ಎದೆಯ ಮೇಲಿಟ್ಟು ಕೆಳಗೆ ತೊಡೆಮೂಳೆಗಳನ್ನು ಅಡ್ಡಡ್ಡ ಜೋಡಿಸಿದ್ದರು. ಪಕ್ಕೆಲುಬು ಮುರಿದಿತ್ತು. ಹೂತು ಸುಮಾರು ಐದು ವರ್ಷದ ಮೇಲೆ ಯಾರೋ ಬಂದು ಎದೆ ಬಗೆದು ಹೃದಯ ಹುಡುಕಿದ್ದಾರೆ. ಅಷ್ಟು ಹೊತ್ತಿಗೆ ಹೃದಯ ಎಲ್ಲಿರುತ್ತದೆ? ಸುಡಲು ಏನೂ ಸಿಗದೆ ಮೂಳೆಗಳನ್ನಾದರೂ ಕದಲಿಸಿ ಹೋಗಿದ್ದಾರೆ. ಪಕ್ಕೆಲುಬಿನ ಮೇಲೆ ಕ್ಷಯದ್ದು ಎನ್ನಬಹುದಾದ ಗಾಯದ ಗುರುತುಗಳಿದ್ದವು. 2019ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಇವನ ಹೆಸರು ಜಾನ್ ಬಾರ್ಬರ್ ಇರಬೇಕು ಎಂದು ಗೊತ್ತಾಯಿತು.

'ಅಷ್ಟು ಇತ್ತೀಚೆಗೆ ಹೇಗೆ' ಎಂದು ಕೇಳಿದ್ದೀರಿ. ರಾಬರ್ಟ್ ಕಾಕ್ ಬರ್ಲಿನ್‌ನಲ್ಲಿ ಕ್ಷಯದ ರೋಗಾಣುವನ್ನು ತೋರಿಸಿದ್ದು 1882ರ ಮಾರ್ಚ್ 24ರಂದು. ಮರ್ಸಿಯ ಸಾವಿಗೆ ಹತ್ತು ವರ್ಷ ಮೊದಲೇ. ಆದರೆ ಕಾಕ್ ತೋರಿಸಿದ್ದು ಯಾರು ಕೊಲ್ಲುತ್ತಿದ್ದಾರೆ ಎಂಬುದನ್ನು. ಹೇಗೆ ಉಳಿಸುವುದು ಎಂಬುದು ಅವರಿಗೂ ಗೊತ್ತಿರಲಿಲ್ಲ. ಕ್ಷಯದ ಮೇಲೆ ಕೆಲಸ ಮಾಡುವ ಮೊದಲ ಆಂಟಿಬಯೋಟಿಕ್ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ನಡುವೆ 61 ವರ್ಷ. ಆ 61 ವರ್ಷ ವೈದ್ಯರು ರೋಗದ ಹೆಸರು ಸರಿಯಾಗಿ ಹೇಳುತ್ತಿದ್ದರು, ರೋಗಿ ಸಾಯುತ್ತಿದ್ದ. ಮೆಟ್ಕಾಫ್ ಸ್ಮಶಾನದಲ್ಲಿ ಹೇಳಿದ್ದೆಲ್ಲ ಸತ್ಯ. ಆದರೆ 'ಹಾಗಾದರೆ ಎಡ್ವಿನ್‌ಗೆ ಏನು ಕೊಡೋಣ' ಎಂದು ಕೇಳಿದ್ದರೆ ಅವರ ಕೈಯೂ ಖಾಲಿಯೇ. ಬೂದಿಯ ನೀರು ಕೊಡಲು ಬಂದವರು ಏನಾದರೂ ಕೊಡುತ್ತೇವೆ ಎಂದಾದರೂ ಹೇಳಿದರು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತೇವೆ. ಎಡ್ವಿನ್ ಮುಳುಗುತ್ತಿದ್ದ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಆ ರೈತರು ಕಣ್ಣಿಂದ ಕಂಡದ್ದು ಸರಿಯಾಗಿತ್ತು. ಕಾಕ್‌ಗಿಂತ ಮುಂಚೆ ಎಷ್ಟೋ ದೊಡ್ಡ ವೈದ್ಯರು ಕ್ಷಯ ವಂಶದಿಂದ ಬರುತ್ತದೆ, ಕೆಲವರ ಮೈಗುಣವೇ ಹಾಗೆ ಎಂದು ಕಲಿಸುತ್ತಿದ್ದರು. ಹಳ್ಳಿಯವರು ಹಾಗೆ ಅನ್ನಲಿಲ್ಲ. ಮೊದಲು ಸತ್ತವರಿಂದ ಏನೋ ಒಂದು ಉಳಿದವರಿಗೆ ದಾಟುತ್ತಿದೆ, ಅದು ಒಂದೇ ಸೂರಿನಡಿ ಇದ್ದವರಿಗೆ ದಾಟುತ್ತಿದೆ, ತಡೆಯದಿದ್ದರೆ ನಿಲ್ಲುವುದಿಲ್ಲ ಎಂದರು. ಇದು ಅಕ್ಷರಶಃ ನಿಜ. ನಾವು ಇವತ್ತು ಒಬ್ಬ ರೋಗಿ ಸಿಕ್ಕಿದ ಕೂಡಲೇ ಮನೆಯವರನ್ನೆಲ್ಲ ಕರೆದು ಪರೀಕ್ಷೆ ಮಾಡುವುದು ಇದೇ ಲೆಕ್ಕದ ಮೇಲೆ. ಮೊದಲ ರೋಗಿ ಯಾರು ಎಂದು ಹುಡುಕುತ್ತೇವೆ. ಮೆದ್ವೆಜಾ, ಕಿಸಿಲೆವೊ ಜನ ಹುಡುಕಿದ್ದೂ ಅದನ್ನೇ. ಎಕ್ಸೆಟರ್ ರೈತರು ಎಡವಿದ್ದು ದಾಟುವ ಹೊತ್ತಿನಲ್ಲಿ. ಸತ್ತ ಮೇಲೆ ದಾಟುತ್ತದೆ ಅಂದುಕೊಂಡರು. ಅದು ದಾಟಿದ್ದು ಬದುಕಿದ್ದಾಗ, ಕೆಮ್ಮಿನಲ್ಲಿ, ಮುಚ್ಚಿದ ಕಿಟಕಿಯ ಕೋಣೆಯಲ್ಲಿ, ರಾತ್ರಿಯೆಲ್ಲ ಪಕ್ಕ ಕೂತು ಬೆವರು ಒರೆಸಿದವರ ಉಸಿರಿಗೆ.

ಹೀಗೆ ದಾಟಿದ್ದು ಕೂಡಲೇ ಗೊತ್ತಾಗುವುದಿಲ್ಲ. ರೋಗಾಣು ಹೊಕ್ಕವರಲ್ಲಿ ನೂರಕ್ಕೆ ಐದರಿಂದ ಹತ್ತು ಜನಕ್ಕಷ್ಟೇ ಜೀವಮಾನದಲ್ಲಿ ಯಾವಾಗಲಾದರೂ ಕಾಯಿಲೆ ಬರುತ್ತದೆ. ಕೆಲವರಿಗೆ ತಿಂಗಳಲ್ಲಿ, ಕೆಲವರಿಗೆ ಹತ್ತಾರು ವರ್ಷದ ಮೇಲೆ. ಮರ್ಸಿ ಅದನ್ನು ತಾಯಿಯ ಹಾಸಿಗೆಯ ಪಕ್ಕ, ಹತ್ತು ಹನ್ನೊಂದರ ವಯಸ್ಸಿನಲ್ಲಿ ಎಳೆದುಕೊಂಡಿರಬಹುದು. ಅಣ್ಣನಿಂದಲೂ ಬಂದಿರಬಹುದು. ತಾಯಿ ಸತ್ತು ಎಂಟು ವರ್ಷದ ಮೇಲೆ ಮಗಳು ಮಲಗಿದರೆ, ಸತ್ತವಳು ಸಮಾಧಿಯಿಂದ ಕರೆದಳು ಅನಿಸುವುದು ಸಹಜ ಅಲ್ವಾ?

ಭಾಷೆಯೂ ಇದನ್ನೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಆಗ ಈ ರೋಗಕ್ಕೆ ಕನ್ಸಂಪ್ಷನ್ ಎಂಬ ಹೆಸರು. ಏನೋ ಒಳಗಿನಿಂದ ತಿಂದುಹಾಕುತ್ತಿದೆ ಎಂಬ ಅರ್ಥ. ನಮ್ಮ 'ಕ್ಷಯ' ಅಂದರೂ ಸವೆಯುವುದು. ನಮ್ಮ ಪುರಾಣದಲ್ಲಿ ಚಂದ್ರನಿಗೂ ಈ ರೋಗ ಬರುತ್ತದೆ. ರೋಹಿಣಿಯೊಬ್ಬಳನ್ನೇ ಪ್ರೀತಿಸಿದ್ದಕ್ಕೆ ಮಾವ ದಕ್ಷ ಶಾಪ ಕೊಟ್ಟ, ಚಂದ್ರ ದಿನದಿನಕ್ಕೂ ಸವೆದ. ಸವೆಯುವವನನ್ನು ನೋಡಿದರೆ ಯಾರೋ ಏನೋ ಮಾಡಿದ್ದಾರೆ ಎಂದೇ ಮನಸ್ಸು ಹೇಳುತ್ತದೆ. ಶಾಪ, ಪಿಶಾಚಿ, ಮದ್ದು.

ಮದ್ದು ಅಂದಾಗ ನನ್ನ ಓ.ಪಿ.ಡಿ.ಗೆ ಬಂದ ಒಬ್ಬ ಹುಡುಗ ನೆನಪಾಗುತ್ತಾನೆ. ಇಪ್ಪತ್ತೆರಡು ವರ್ಷ ಇರಬಹುದು. ಶರ್ಟು ಮೈಮೇಲೆ ನಿಲ್ಲುತ್ತಿರಲಿಲ್ಲ, ಜಾರುತ್ತಿತ್ತು. ಕತ್ತಿನಲ್ಲಿ ತಾಯತ, ಮಣಿಕಟ್ಟಿಗೆ ಮಂತ್ರಿಸಿದ ಕಪ್ಪು ದಾರ. ನಾಲ್ಕು ತಿಂಗಳಿಂದ ಕೆಮ್ಮು, ಸಂಜೆ ಜ್ವರ. 'ಯಾರೋ ಊಟದಲ್ಲಿ ಮದ್ದು ಹಾಕಿದ್ದಾರೆ ಡಾಕ್ಟ್ರೇ, ಎರಡು ಕಡೆ ತೆಗೆಸಿದ್ವಿ' ಎಂದರು ತಾಯಿ. ಮದ್ದು ತೆಗೆಯುವವರು ವಾಂತಿ ಮಾಡಿಸಿ ಅವನನ್ನು ಇನ್ನಷ್ಟು ಸೊರಗಿಸಿದ್ದರು. ಯಾರು ಹಾಕಿದ್ದು ಎಂದು ಕೇಳಿದೆ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಓರಗಿತ್ತಿಯ ಹೆಸರು ಹೇಳಿದರು. ಕಫ ಪರೀಕ್ಷೆಯಲ್ಲಿ ಕ್ಷಯ ಬಂತು. ಮನೆಯವರನ್ನೆಲ್ಲ ಪರೀಕ್ಷೆ ಮಾಡಿದಾಗ ಅದೇ ಸೂರಿನಡಿ ಇದ್ದ ಅಜ್ಜನಿಗೂ ಇತ್ತು. ಅವರು ಎರಡು ವರ್ಷದಿಂದ ಕೆಮ್ಮುತ್ತಿದ್ದರು, ಬೀಡಿ ಕೆಮ್ಮು ಅಂದುಕೊಂಡಿದ್ದರು. ಇಬ್ಬರೂ ಆರು ತಿಂಗಳು ಮಾತ್ರೆ ತೆಗೆದುಕೊಂಡು ವಾಸಿಯಾದರು. ಓರಗಿತ್ತಿಯರ ನಡುವೆ ಮಾತು ಮತ್ತೆ ಶುರುವಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಎಕ್ಸೆಟರ್‌ನಲ್ಲಿ ಬೆರಳು ತೋರಿಸಿದ್ದು ಸತ್ತವಳ ಕಡೆಗೆ, ಇಲ್ಲಿ ಬದುಕಿದ್ದವಳ ಕಡೆಗೆ. ಎರಡೂ ಕಡೆ ಆರೋಪ ಬಿದ್ದದ್ದು ಮನೆಯ ಹೆಣ್ಣಿನ ಮೇಲೆ.

ದುಡ್ಡಿದ್ದರೆ, ಓದಿದ್ದರೆ ಉಳಿಯುತ್ತಿದ್ದರು ಎಂದೂ ಇಲ್ಲ. ಮೈಸೂರಿನ ಪಿ.ಕೆ. ಸ್ಯಾನಟೋರಿಯಂ ಹೆಸರು ಕೇಳಿರುತ್ತೀರಿ. ಆ 'ಪಿ.ಕೆ.' ಅಂದರೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿ, ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ. ಅವರೂ ಅವರ ಹೆಣ್ಣುಮಕ್ಕಳೂ ಇದೇ ಕ್ಷಯಕ್ಕೆ ಹೋದರು. ಅರಮನೆಯ ವೈದ್ಯರು ಇದ್ದರೂ ತಾಯಿ, ಮಕ್ಕಳು ಉಳಿಯಲಿಲ್ಲ. ಜಾರ್ಜ್ ಬ್ರೌನ್ ಮನೆಯ ಕತೆಯೇ. ಅವರ ನೆನಪಿಗೆ ಆಸ್ಪತ್ರೆ ಎದ್ದಿತು. ಅಲ್ಲಿ ನೂರು ವರ್ಷದಿಂದ ಎಷ್ಟೋ ಮನೆಗಳ ಮಕ್ಕಳು ಬಂದು ಮಲಗಿದ್ದಾರೆ, ಎದ್ದು ಹೋಗಿದ್ದಾರೆ.

ಈಗ ನಿಮ್ಮ ಅಜ್ಜಿಯ ವಿಷಯ. ಅವರು ಹೇಳಿದ್ದನ್ನು ಸುಳ್ಳು ಎಂದು ವಾದ ಮಾಡಬೇಡಿ. ಇಬ್ಬರು ಅಕ್ಕಂದಿರನ್ನು ಕಳೆದುಕೊಂಡ ಮಗು ಆ ಮಾತನ್ನು ಇಷ್ಟು ವರ್ಷ ಹಿಡಿದುಕೊಂಡು ಬಂದಿದೆ. ಬದಲಿಗೆ ಕೂತು ಕೇಳಿ: ಅಕ್ಕಂದಿರು ಮಲಗಿದಾಗ ಅಜ್ಜಿಗೆ ಎಷ್ಟು ವಯಸ್ಸು? ಅದೇ ಕೋಣೆಯಲ್ಲಿ ಮಲಗುತ್ತಿದ್ದರಾ? ಹಾಗಿದ್ದರೆ ಆ ರೋಗಾಣು ಅವರೊಳಗೂ ಅಂದಿನಿಂದ ನಿದ್ದೆ ಮಾಡುತ್ತಿರಬಹುದು. ವಯಸ್ಸಾದ ಮೇಲೆ, ಸಕ್ಕರೆ ಕಾಯಿಲೆ ಇದ್ದರಂತೂ, ಅದು ಏಳುವ ಸಾಧ್ಯತೆ ಜಾಸ್ತಿ. ಎರಡು ವಾರ ದಾಟಿದ ಕೆಮ್ಮು, ಸಂಜೆ ಹೊತ್ತಿನ ಜ್ವರ, ಕಾರಣ ಇಲ್ಲದೆ ತೂಕ ಇಳಿಯುವುದು, ರಾತ್ರಿ ಬೆವರು, ಇವುಗಳಲ್ಲಿ ಯಾವುದಾದರೂ ಇದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಫ ಪರೀಕ್ಷೆ, ಮಾತ್ರೆ ಎರಡೂ ಅಲ್ಲಿ ಉಚಿತ. ಚಿಕಿತ್ಸೆ ಇರುವಷ್ಟು ದಿನ ಪೌಷ್ಟಿಕ ಊಟಕ್ಕೆಂದು ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಅಜ್ಜಿಗೆ ತಟ್ಟೆ, ಲೋಟ ಬೇರೆ ಇಡಬೇಡಿ. ಕ್ಷಯ ಪಾತ್ರೆಯಿಂದ ಹರಡುವುದಿಲ್ಲ. ಅವರ ಕೋಣೆಯ ಕಿಟಕಿ ತೆಗೆದಿಡಿ.